ಸಾಸ್ವಡ ಕಡೆ ಬಾವ್ಯಾಗ ಸಿಕ್ಕ ಹಸಿರು ಕಲ್ಲು, ಇದು ತಾಮ್ರಾನ? ಕಾಕಾ ರೊಕ್ಕ ಹಾಕಾಕ ಹೊಂಟಾರ, ಗೊತ್ತಿದ್ದವ್ರು ಹೇಳ್ರಿ

ವಿಜಾಪುರದ_ಹುಡುಗ (ಗುರುವಾರ ರಾತ್ರಿ)

ನಮಸ್ಕಾರ್ರಿ ಎಲ್ಲಾರಿಗೂ. ನಾನು ಹಡಪ್ಸರದಾಗ ಇರ್ತೀನಿ, ಈ ಗ್ರೂಪಿನ್ಯಾಗ ಹೆಚ್ಚಾಗಿ ಓದೂದಷ್ಟ, ಬರ್ದಿದ್ದು ಕಡಿಮಿ. ನಮ್ಮ ಕಾಕಾ ಪುಣೆಕ್ಕ ಬಂದು 31 ವರ್ಷ ಆತು, ಹೋದ ವರ್ಷ ರಿಟೈರ್ ಆದ್ರು, ಪಿಎಫ್ ರೊಕ್ಕ ಬ್ಯಾಂಕಿನ್ಯಾಗ ಐತಿ. ಈಗ ಸಾಸ್ವಡ ಕಡೆ ಒಬ್ಬಾಂವ ಎರಡೂವರೆ ಎಕರೆ ಜಮೀನು ತೋರ್ಸ್ಯಾನ, ಬರೇ ಕಲ್ಲು, ಬೆಳಿ ಏನೂ ಆಗೂದಿಲ್ಲ, ಆದ್ರ ಬಾವಿ ತೋಡಿದಾಗ ಹಸಿರು ಬಣ್ಣದ ಕಲ್ಲು ಬಂದಾವಂತ, ಅದು ತಾಮ್ರಂತ, ಜೋಡಿ ಬೆಳ್ಳಿನೂ ಇರ್ತೈತಂತ. ಒಂದು ಪ್ರಿಂಟೌಟ್ ಬ್ಯಾರೆ ಕೊಟ್ಟಾನ, ಅದ್ರಾಗ ಅಮೆರಿಕಾದಾಗ ಇಂಥಾದ ಕರಿಕಲ್ಲಿನ್ಯಾಗ ತಾಮ್ರ ಬೆಳ್ಳಿ ಎರಡೂ ಒಂದ ಗಟ್ಟ್ಯಾಗ ಸಿಗ್ತಿದ್ವು ಅಂತ ಫೋಟೋ ಸಮೇತ ಐತಿ. ಕಾಕಾ ಅದನ್ನ ನಾಕು ದಿನದಿಂದ ಓದಾಕತ್ತಾರ, ಸೋಮವಾರ 6 ಲಕ್ಷ ಅಡ್ವಾನ್ಸ್ ಕೊಡಬೇಕಂತ ಕುಂತಾರ. ಮನ್ಯಾಗ ಯಾರ ಮಾತೂ ಕೇಳವಲ್ರು. ನನ್ನ ಹತ್ರ ಮೂರು ಕಲ್ಲು ಅದಾವ, ಒಳಗ ಸಣ್ಣ ಸಣ್ಣ ತೂತು, ತೂತಿನ ಅಂಚಿಗೆಲ್ಲಾ ಕಡು ಹಸಿರು ಬಣ್ಣ, ಉಗುರಿನಿಂದ ಕೆರೆದ್ರ ಪುಡಿ ಬರ್ತೈತಿ. ಕಲ್ಲಿನ ಬಗ್ಗೆ ತಿಳಿದವ್ರು ಯಾರರ ಇದ್ರ ದಯವಿಟ್ಟು ಹೇಳ್ರಿ.

ಕಲಬುರ್ಗಿ_ಟು_ಪಿಂಪ್ರಿ

ಅಣ್ಣಾ ಮೊದ್ಲು ಅಡ್ವಾನ್ಸ್ ನಿಲ್ಸು. ಕಲ್ಲಿನ ಮಾತು ಆಮ್ಯಾಲ.

ದುರ್ಗದ_ಮಗಳು

ನಾನು ಚಿತ್ರದುರ್ಗದವಳು, ಈಗ ಬಾಣೇರ್‌ನಲ್ಲಿದ್ದೀನಿ. ಹಸಿರು ಕಲ್ಲು ಅಂದ ತಕ್ಷಣ ತಾಮ್ರ ಇಲ್ಲವೇ ಇಲ್ಲ ಅಂತ ಹೇಳೋಕಾಗಲ್ಲ ನೋಡಿ, ಯಾಕಂದ್ರೆ ನಮ್ಮ ಇಂಗಳದಾಳಿನಲ್ಲಿ ತಾಮ್ರದ ಗಣಿ ಇತ್ತು, ಹಟ್ಟಿ ಚಿನ್ನದ ಗಣಿ ಕಂಪನಿಯವರು ನಡೆಸ್ತಿದ್ರು. ಈ ಕಂಪನಿ ಗಿಂಪನಿ ಬರೋದಕ್ಕೂ ಎಷ್ಟೋ ಮುಂಚೆ ಹಿಂದಿನ ಕಾಲದವರು ಅಲ್ಲಿ ತೋಡಿರೋ ಹಳೇ ಗುಂಡಿಗಳಿದ್ವು, ಅವರ ಕೈಲಿ ಯಾವ ಮಷೀನ್ ಇತ್ತು ಹೇಳಿ, ಕಲ್ಲಿನ ಬಣ್ಣ ನೋಡ್ಕೊಂಡೇ ಹೋಗಿದ್ದು ತಾನೆ. ಅಲ್ಲಿಗೆ ಹತ್ರ ಮರಡಿಹಳ್ಳಿಯಲ್ಲಿ ದಿಂಬಿನ ಆಕಾರದ ಲಾವಾ ಇದೆ, ಸರ್ಕಾರ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಮಾಡಿದೆ, ಸ್ಕೂಲಲ್ಲಿ ಟ್ರಿಪ್ ಕರ್ಕೊಂಡು ಹೋಗ್ತಿದ್ರು. ಅದೂ ಬಸಾಲ್ಟೇ, ಅಂದ್ರೆ ಲಾವಾ ತಣ್ಣಗಾಗಿ ಆದ ಕರಿಕಲ್ಲು, ಪುಣೆದೂ ಬಸಾಲ್ಟೇ. ಹಾಗಾಗಿ ಕಾಕಾ ಅವರ ಆಸೆ ಪೂರ್ತಿ ಹುರುಳಿಲ್ಲದ್ದು ಅಂತ ನನಗೆ ಅನ್ನಿಸ್ತಿಲ್ಲ, ತೋರಿಸಿ ಕೇಳಿದ್ರೆ ತಪ್ಪಿಲ್ಲ.

ಮಡಗಾಂವ್_ಕನ್ನಡಿಗ

ಗೋವಾದಲ್ಲಿ ಕಬ್ಬಿಣದ ಅದಿರಿನ ಮಧ್ಯೆ ಬೆಳೆದವನು ನಾನು. ಒಂದೇ ಮಾತು, ಜಮೀನು ನಿಮ್ಮ ಹೆಸರಿಗೆ ಆದ ಮಾತ್ರಕ್ಕೆ ತಾಮ್ರ ತೆಗೆಯೋ ಹಕ್ಕು ಬರಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆ ಪ್ರಕಾರ ಲೀಸ್ ಬೇಕೇ ಬೇಕು, 2015ರಿಂದ ಅದನ್ನ ಸರ್ಕಾರ ಹರಾಜಲ್ಲಿ ಕೊಡುತ್ತೆ. ತಾಮ್ರ ನಿಜವಾಗಿ ಸಿಕ್ಕಿದ್ರೂ ಕಾಕಾ ಒಂದು ಬುಟ್ಟಿನೂ ಮಾರೋಕಾಗಲ್ಲ. ಇದನ್ನ ಮೊದಲು ಅವರಿಗೆ ಹೇಳಿ.

ಹಳೇ_ಸುತ್ತಿಗೆ (ಶುಕ್ರವಾರ ಬೆಳಿಗ್ಗೆ)

ರಾತ್ರಿ ನೋಡಲಿಲ್ಲ, ಕ್ಷಮಿಸಿ. ನಾನು ಮೈಸೂರು ಕಡೆಯವನು, ಮೂವತ್ತು ವರ್ಷ ಖನಿಜ ಹುಡುಕೋ ಕೆಲಸ ಮಾಡಿ ಈಗ ಕೊಥ್ರುಡ್‌ನಲ್ಲಿ ಮಗನ ಮನೇಲಿ ಇದ್ದೀನಿ. ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಕಾಕಾ ಅವರಿಗೆ ಸುಮ್ನೆ "ಇಲ್ಲ" ಅಂದ್ರೆ ಒಪ್ಪಲ್ಲ, ಅವರ ಕೈಲಿರೋ ಆ ಪ್ರಿಂಟೌಟ್ ಇದೆಯಲ್ಲ ಅದು ಸುಳ್ಳಲ್ಲ, ಅದೇ ಕಷ್ಟ.

ಅದು ಮಿಷಿಗನ್‌ನ ಕೀವೀನಾ ಅನ್ನೋ ಜಾಗ, ಸುಪೀರಿಯರ್ ಸರೋವರದ ದಡ. ಅಲ್ಲಿ ಸುಮಾರು 110 ಕೋಟಿ ವರ್ಷದ ಹಿಂದೆ ಭೂಮಿ ಬಿರಿದು ನಮ್ಮ ಡೆಕ್ಕನ್ (ಪುಣೆ ಸುತ್ತಲಿನ ಈ ಲಾವಾ ಕಲ್ಲಿನ ನಾಡು) ಥರಾನೇ ಪದರ ಪದರವಾಗಿ ಲಾವಾ ಹರೀತು, ಒಂದೊಂದು ಪದರದ ತಲೆಯಲ್ಲಿ ಗಾಳಿಗುಳ್ಳೆಗಳು, ನಿಮ್ಮ ಕಲ್ಲಿನ ತೂತು ಥರಾನೇ. ಆ ತೂತುಗಳಲ್ಲಿ ಅದಿರಲ್ಲ, ಅಪ್ಪಟ ತಾಮ್ರ ತುಂಬಿಕೊಂಡಿತ್ತು, ಕಾಯಿಸೋದು ಬೇಡ ಕರಗಿಸೋದು ಬೇಡ, ಸುತ್ತಿಗೆಯಲ್ಲಿ ತಟ್ಟಿದ್ರೆ ತಟ್ಟೆ ಆಗೋ ತಾಮ್ರ. ಕೆಲವು ಗಟ್ಟಿಗಳಲ್ಲಿ ಒಂದು ಕಡೆ ತಾಮ್ರ ಒಂದು ಕಡೆ ಬೆಳ್ಳಿ, ಎರಡೂ ಬೆರೆಯದೆ ಅಂಟಿಕೊಂಡು ಕೂತಿರುತ್ತೆ. ನನ್ನ ಹತ್ರ ಹೆಬ್ಬೆರಳಷ್ಟು ಒಂದು ತುಂಡಿದೆ, ಕೊಳ್ಳೋವಾಗ ಹೆಂಡತಿ ಹತ್ರ ಬೈಸಿಕೊಂಡಿದ್ದೆ. ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷದ ಹಿಂದೇನೇ ಕಲ್ಲಿನ ಸುತ್ತಿಗೆಯಲ್ಲಿ ಗುಂಡಿ ತೋಡಿ ತಾಮ್ರ ತೆಗೀತಿದ್ರು. 1841ರಲ್ಲಿ ಡಗ್ಲಸ್ ಹಾಟನ್ ಅನ್ನೋ ರಾಜ್ಯದ ಭೂವಿಜ್ಞಾನಿ ವರದಿ ಬರೆದ, ಮರುವರ್ಷ ಒಜಿಬ್ವೆ ಜನರಿಂದ ಒಪ್ಪಂದ ಬರೆಸಿಕೊಂಡು ಆ ನೆಲ ತಗೊಂಡ್ರು, ಆಮೇಲೆ ಜನ ಮುಗಿಬಿದ್ದು ಬಂದ್ರು. ಹಾಟನ್ ಮಾತ್ರ 1845ರಲ್ಲಿ ಅದೇ ಸರೋವರದಲ್ಲಿ ದೋಣಿ ಮುಳುಗಿ ತೀರಿಕೊಂಡ, ಗಣಿಗಳ ವೈಭವ ನೋಡೋಕಾಗಲಿಲ್ಲ ಅವನಿಗೆ. 1845ರಿಂದ 1968ರವರೆಗೆ ಆ ಪ್ರದೇಶದಿಂದ ಸುಮಾರು 50 ಲಕ್ಷ ಟನ್ ತಾಮ್ರ ಹೊರಗೆ ಬಂತು.

ಹಾಗಾದ್ರೆ ಸಾಸ್ವಡದಲ್ಲಿ ಯಾಕಿಲ್ಲ? ಸರಿಯಾದ ಪ್ರಶ್ನೆ ಅದು. ಮಧ್ಯಾಹ್ನ ಬರೀತೀನಿ, ಈಗ ಮೊಮ್ಮಗಳನ್ನ ಸ್ಕೂಲ್ ಬಸ್ ಹತ್ತಿಸಬೇಕು.

ವಿಜಾಪುರದ_ಹುಡುಗ

ಸರ್ ಭಾಳ ಉಪಕಾರ ಆತ್ರಿ. ಇದನ್ನ ಕಾಕಾಗ ಓದಿ ಹೇಳಿದೆ, "ನೋಡು ಅವ್ರೂ ಹೌದು ಅಂದ್ರು" ಅಂತ ಇನ್ನಾ ಖುಷಿ ಆಗ್ಯಾರ. ಮಧ್ಯಾಹ್ನದ್ದು ಲಗೂನ ಬರೀರಿ.

ಹಳೇ_ಸುತ್ತಿಗೆ (ಶುಕ್ರವಾರ ಮಧ್ಯಾಹ್ನ)

ಕಾಕಾ ಅವರಿಗೆ ಇದನ್ನೂ ಪೂರ್ತಿ ಓದಿ ಹೇಳಿ.

ನಮ್ಮ ಡೆಕ್ಕನ್ ಕಲ್ಲಲ್ಲಿ ತಾಮ್ರ ಇದೆ. ಒಂದು ಟನ್ ಕಲ್ಲಿಗೆ ಹೆಚ್ಚೂಕಡಿಮೆ 100ರಿಂದ 200 ಗ್ರಾಂ. ಕೀವೀನಾದ ಮಾಮೂಲಿ ಕಲ್ಲಲ್ಲೂ ಇದಕ್ಕಿಂತ ಜಾಸ್ತಿ ಏನಿಲ್ಲ. ಗಣಿ ಅನ್ನಿಸಿಕೊಳ್ಳಬೇಕು ಅಂದ್ರೆ ಶೇಕಡಾ ಒಂದು ಅಂತ ಹಿಡಿದ್ರೂ ಟನ್ನಿಗೆ 10 ಕೆಜಿ ಬೇಕು. ಅಂದ್ರೆ ಎಲ್ಲಾ ಕಡೆ ಚೆಲ್ಲಿಹೋಗಿರೋ ತಾಮ್ರನ ಯಾರೋ ಗುಡಿಸಿ ಒಂದು ಮೂಲೆಗೆ ತಂದು ಹಾಕಬೇಕು, ಐವತ್ತು ನೂರು ಪಟ್ಟು ಗಟ್ಟಿ ಮಾಡಬೇಕು. ಆ ಗುಡಿಸೋ ಕೆಲಸ ಮಾಡೋದು ಬಿಸಿನೀರು. ಕೀವೀನಾದಲ್ಲಿ ಲಾವಾ ಪದರಗಳು ಹಲವಾರು ಕಿಲೋಮೀಟರ್ ದಪ್ಪಕ್ಕೆ ಪೇರಿಸಿಕೊಂಡು, ಮೇಲೆ ಮರಳು ಕೆಸರು ತುಂಬಿ, ಕೆಳಗಿನ ಕಲ್ಲು ಹೂತುಹೋಗಿ 300 ಡಿಗ್ರಿಗಿಂತ ಜಾಸ್ತಿ ಕಾದು ಬೆಂದು ತಾಮ್ರನ ನೀರಿಗೆ ಬಿಟ್ಟುಕೊಡ್ತು. ಎರಡು ಮೂರು ಕೋಟಿ ವರ್ಷ ಆದ್ಮೇಲೆ ಪಕ್ಕದಿಂದ ಒತ್ತಡ ಬಂದು ಬಿರುಕು ಬಿಟ್ಟು ಆ ನೀರಿಗೆ ಮೇಲೆ ಏರೋಕೆ ದಾರಿ ಆಯ್ತು, ಏರಿದ ನೀರು ಗುಳ್ಳೆಗಳಿರೋ ಪದರಗಳಲ್ಲಿ, ಮಧ್ಯೆ ಇದ್ದ ಉರುಟುಗಲ್ಲಿನ ಪದರಗಳಲ್ಲಿ ತಣ್ಣಗಾಗಿ ತಾಮ್ರ ಇಳಿಸ್ತು. ಲಾವಾ ಗಾಳಿಗೆ ತೆರೆದು ಹರಿದಿದ್ದರಿಂದ ಗಂಧಕ ಬಹಳಷ್ಟು ಮೊದಲೇ ಆವಿಯಾಗಿ ಹೋಗಿತ್ತು, ಗಂಧಕ ಸಿಕ್ಕಿದ್ರೆ ತಾಮ್ರ ಅದನ್ನ ಕಟ್ಟಿಕೊಂಡು ಸಲ್ಫೈಡ್ ಆಗ್ತಿತ್ತು, ಸಿಗಲಿಲ್ಲ, ಅದಕ್ಕೇ ಅಪ್ಪಟ ಲೋಹವಾಗಿ ಉಳೀತು.

ಡೆಕ್ಕನ್ ಲಾವಾ ಹರಿದಿದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ, ಈಗಲೂ ಸುಮಾರು 5 ಲಕ್ಷ ಚದರ ಕಿಮೀ ಹರಡಿದೆ, ವಿಸ್ತಾರದಲ್ಲಿ ಯಾರಿಗೂ ಕಡಿಮೆ ಇಲ್ಲ. ಆದ್ರೆ ಮೇಲೆ ಭಾರ ಬೀಳಲಿಲ್ಲ, ಆಳಕ್ಕೆ ಹೂತು ಬೇಯಲಿಲ್ಲ, ಆಮೇಲೆ ಹಿಂಡಲೂ ಇಲ್ಲ. ಸಹ್ಯಾದ್ರಿಯಲ್ಲಿ ಪದರಗಳು ಇವತ್ತಿಗೂ ಚಾಪೆ ಹಾಸಿದ ಹಾಗೆ ಹೆಚ್ಚೂಕಡಿಮೆ ಮಟ್ಟಸವಾಗಿ ಮಲಗಿವೆ, ಸಿಂಹಗಡ ಹತ್ತೋವಾಗ ನೋಡಿರ್ತೀರಿ. ನಮ್ಮಲ್ಲಿ ನೀರು ಬರೀ ಬೆಚ್ಚಗಿತ್ತು, ಕುದಿದು ತಾಮ್ರ ಕೀಳೋಷ್ಟು ಇರಲಿಲ್ಲ. ಆ ಬೆಚ್ಚಗಿನ ನೀರು ತೂತುಗಳಲ್ಲಿ ಮಾಡಿದ್ದು ಜಿಯೊಲೈಟ್, ಸ್ಟಿಲ್ಬೈಟ್, ಹ್ಯೂಲಂಡೈಟ್, ಜೊತೆಗೆ ಅಪೋಫಿಲೈಟ್. ಪುಣೆಯ ಸುತ್ತ ಸಿಗೋ ಈ ಹರಳುಗಳನ್ನ ಪ್ರಪಂಚದ ಮ್ಯೂಸಿಯಂಗಳು ಗಾಜಿನ ಕಪಾಟಲ್ಲಿ ಇಟ್ಟಿವೆ. ವಾಘೋಲಿ ಕ್ವಾರಿಯ ನೀಲಿ ಕ್ಯಾವನ್ಸೈಟ್‌ಗೆ ಸಮ ಎಲ್ಲೂ ಇಲ್ಲ. ಆ ನೀಲಿನೂ ತಾಮ್ರದ್ದಲ್ಲ, ವನೇಡಿಯಂದು.

ಇನ್ನು ನಿಮ್ಮ ಹಸಿರು. ತೂತಿನ ಅಂಚಿಗೆ ಬಳಿದ ಹಾಗೆ ಕಡು ಹಸಿರು, ಉಗುರಿಗೆ ಪುಡಿ ಬರುತ್ತೆ ಅಂದ್ರಲ್ಲ, ಅದು ಬಹುಪಾಲು ಸೆಲಡೋನೈಟ್. ಅಭ್ರಕದ ಜಾತಿದು, ಬಣ್ಣ ಕಬ್ಬಿಣದಿಂದ. ಅಜಂತಾದ ಗೋಡೆ ಚಿತ್ರಗಳಲ್ಲಿ ಹಸಿರು ಕಾಣುತ್ತಲ್ಲ, ಅದಕ್ಕೂ ಇಂಥದೇ ಹಸಿರು ಮಣ್ಣು ಅರೆದಿದ್ದಾರೆ. ಬಾವಿ ತೋಡಿದ ಕಡೆ ಎಲ್ಲಾ ಸಿಗುತ್ತೆ.

ಕಲಬುರ್ಗಿ_ಟು_ಪಿಂಪ್ರಿ

ಸರ್ ಕೇಳೋದಕ್ಕೆ ಬೇಜಾರ್ ಮಾಡ್ಕೋಬ್ಯಾಡ್ರಿ, ದುರ್ಗದ ಅಕ್ಕಾ ಹೇಳಿದ್ದು ಸುಳ್ಳಲ್ಲಲ್ಲ, ಹಿಂದಿನವ್ರು ಹಸಿರು ನೋಡೇ ತಾಮ್ರ ಹುಡ್ಕ್ಯಾರ. ಫೋಟೋನೂ ನೋಡ್ದೆ ಬಹುಪಾಲು ಇದೇ ಅಂದ್ರ ಹ್ಯಾಂಗ?

ಹಳೇ_ಸುತ್ತಿಗೆ

ಬೇಜಾರೇನಿಲ್ಲ, ಸರಿಯಾಗೇ ಕೇಳಿದ್ರಿ. ದುರ್ಗದ ಮೇಡಂ ಹೇಳಿದ್ದೂ ಸತ್ಯ. ಇಂಗಳದಾಳಿನ ತಾಮ್ರ ಗಂಧಕದ ಜೊತೆ ಇರೋದು, ಚಾಲ್ಕೋಪೈರೈಟ್ ಅನ್ನೋ ಅದಿರಾಗಿ, ಪೈರೈಟ್ (ಕಬ್ಬಿಣ ಗಂಧಕದ ಖನಿಜ) ಜೊತೆ. ಆ ಲಾವಾ ಸಮುದ್ರದ ಅಡಿಯಲ್ಲಿ ಹರಿದಿದ್ದು, ಮರಡಿಹಳ್ಳಿಯ ದಿಂಬು ಆಗಿದ್ದೇ ನೀರಲ್ಲಿ ತಟಕ್ಕನೆ ತಣ್ಣಗಾದ್ದಕ್ಕೆ, ವಯಸ್ಸು 250 ಕೋಟಿ ವರ್ಷಕ್ಕೂ ಮೇಲೆ, ಆಮೇಲೆ ಮಡಿಸಿ ಹಿಂಡಿ ನಿಲ್ಲಿಸಿದ ಹಾಗಾಗಿದೆ. ಅಂಥ ಅದಿರು ಮಳೆ ಗಾಳಿಗೆ ಕೊಳೆತ್ರೆ ಮೇಲೆ ತುಕ್ಕು ಹಿಡಿದ ಟೊಪ್ಪಿ ಕೂರುತ್ತೆ, ಕೆಂಪು ಕಂದು ಸ್ಪಂಜಿನ ಥರ, ನಾವು ಗಾಸನ್ ಅಂತೀವಿ, ಅದರ ಸಂದಿಯಲ್ಲಿ ಮಲಕೈಟ್ ಅನ್ನೋ ತಾಮ್ರದ ಖನಿಜದ ಹಸಿರು. ತುಕ್ಕು ಮತ್ತೆ ಹಸಿರು ಒಟ್ಟಿಗೆ ಕಂಡ್ರೆ ನನಗೆ ಈಗಲೂ ಎದೆ ಡವಡವ ಅನ್ನುತ್ತೆ. ಬಾವಿಯಿಂದ ಬಂದ ಹೊಸ ಕರಿಕಲ್ಲಿನ ತೂತಿನ ಅಂಚಿನ ಹಸಿರು ಆ ಜಾತಿಯಲ್ಲ. ಆದ್ರೂ ನನ್ನ ಮಾತೇ ಕೊನೆ ಅಂತ ಬೇಡ, ಪರೀಕ್ಷೆ ಮಾಡೋಣ.

ಕೆಮಿಸ್ಟ್ರಿ_ಟೀಚರ್_ಔಂಧ್

ಪರೀಕ್ಷೆ ನಾನು ಹೇಳ್ತೀನಿ, ಮನೆಯಲ್ಲೇ ಆಗುತ್ತೆ. ಹಸಿರು ಪುಡಿನ ಕೆರೆದು ಒಂದು ಚಮಚದಷ್ಟು ಗಾಜಿನ ಲೋಟಕ್ಕೆ ಹಾಕಿ, ಮುಳುಗೋವಷ್ಟು ಬಿಳಿ ವಿನೆಗರ್ ಹಾಕಿ ರಾತ್ರಿ ಇಡಿ. ಇನ್ನೊಂದು ಲೋಟದಲ್ಲಿ ಪೂಜೆಯ ಹಳೇ ತಾಮ್ರದ ಚೊಂಬಿಗೆ ಹಿಡಿದಿರೋ ಹಸಿರು ಕಿಲುಬು ಕೆರೆದು ಹಾಕಿ, ಅದಕ್ಕೂ ವಿನೆಗರ್. ಎರಡನೇ ಲೋಟ ಯಾಕೆ ಅಂದ್ರೆ ತಾಮ್ರ ಇದ್ರೆ ಏನಾಗುತ್ತೆ ಅಂತ ಕಾಕಾ ಕಣ್ಣಾರೆ ನೋಡಬೇಕು, ಇಲ್ಲಾಂದ್ರೆ ನಂಬಲ್ಲ. ಬೆಳಿಗ್ಗೆ ಸೋಸಿ, ಮರಳುಕಾಗದದಲ್ಲಿ ಚೆನ್ನಾಗಿ ಉಜ್ಜಿದ ಎರಡು ಕಬ್ಬಿಣದ ಮೊಳೆ ಎರಡಕ್ಕೂ ಇಳಿಬಿಡಿ. ತಾಮ್ರ ಕರಗಿದ್ರೆ ಮೊಳೆ ಮೇಲೆ ಹೊಸ ಚೊಂಬಿನ ಬಣ್ಣ ಕೂರುತ್ತೆ, ಕಬ್ಬಿಣ ಕರಗಿ ಅದರ ಜಾಗಕ್ಕೆ ತಾಮ್ರ ಬರುತ್ತೆ. ಕಲ್ಲು ಬುರುಬುರು ನೊರೆ ಬಂದ್ರೆ ತಾಮ್ರ ಅಂದ್ಕೋಬೇಡಿ, ಡೆಕ್ಕನ್ ಕಲ್ಲಲ್ಲಿ ಕ್ಯಾಲ್ಸೈಟ್ ಅನ್ನೋ ಸುಣ್ಣದ ಖನಿಜ ಇರುತ್ತೆ, ಅದಕ್ಕೂ ನೊರೆ ಬರುತ್ತೆ. ಆಮೇಲೆ ಲೋಟಗಳನ್ನ ಅಡುಗೆಗೆ ವಾಪಸ್ ಬಳಸಬೇಡಿ.

ವಿಜಾಪುರದ_ಹುಡುಗ

ಇವತ್ತ ರಾತ್ರಿನ ಹಚ್ತೀನ್ರಿ ಟೀಚರ್. ಕಾಕಾನ ಕೈಲೇನ ಮಾಡಸ್ತೀನಿ. ಆದ್ರ ಸರ್, ಕಾಕಾ ಒಂದು ಕೇಳಾಕತ್ತಾರ, "ಬ್ಯಾರೆ ಎಲ್ಲರ ಇಂಥಾ ಕಲ್ಲಿನ್ಯಾಗ ಸಿಕ್ಕೈತೋ ಏನ ಅದೊಂದ ಜಾಗಾನೋ"?

ಹಳೇ_ಸುತ್ತಿಗೆ (ಶುಕ್ರವಾರ ರಾತ್ರಿ)

ಇನ್ನೊಂದು ಜಾಗ ಇದೆ. ಇದನ್ನ ಬರೆಯೋಕೆ ಕೂತ್ರೆ ನನಗೆ ನಿದ್ದೆ ಬರಲ್ಲ, ಇರಲಿ.

ಕೆನಡಾದ ಉತ್ತರ ತುದಿ, ಆರ್ಕ್ಟಿಕ್ ವೃತ್ತದಿಂದಾಚೆ, ಕಾಪರ್‌ಮೈನ್ ನದಿ. ಅಲ್ಲಿ ಸುಮಾರು 127 ಕೋಟಿ ವರ್ಷ ಹಳೇ ಲಾವಾ ಪದರಗಳಿವೆ. ಕೆಂಪು ಮರಳುಗಲ್ಲು ಮೇಲೆ ಕೂತಿದೆ. ಪದರದ ತಲೆಯ ಗುಳ್ಳೆಗಳಲ್ಲಿ ಅಪ್ಪಟ ತಾಮ್ರ, ಬಿರುಕುಗಳಲ್ಲಿ ಚಾಲ್ಕೋಸೈಟ್, ಬೋರ್ನೈಟ್ ಅನ್ನೋ ಗಂಧಕ ಬೆರೆತ ತಾಮ್ರದ ಅದಿರುಗಳು, ಅದರ ಜೊತೆ ಬೆಳ್ಳಿ. ಚಾಲ್ಕೋಸೈಟ್ ಒಳಗೆ ಬೆಳ್ಳಿ ತಾಮ್ರದ ಜಾಗದಲ್ಲೇ ನುಸುಳಿ ಕೂತಿರಬಹುದು, ಕಣ್ಣಿಗೆ ಕಾಣಲ್ಲ, ಲ್ಯಾಬ್‌ನಲ್ಲಿ ಅಸ್ಸೇ (ಯಾವ ಲೋಹ ಎಷ್ಟಿದೆ ಅಂತ ಅಳೆಯೋ ಪರೀಕ್ಷೆ) ಮಾಡಿದ್ರೇ ಗೊತ್ತಾಗೋದು.

ಅಲ್ಲಿನ ಡೆನೆ ಜನ ತಾಮ್ರದ ಚಾಕು, ಉಳಿ ಮಾಡಿಕೊಳ್ತಿದ್ರು. ಆ ತುಂಡುಗಳು ಹಡ್ಸನ್ ಕೊಲ್ಲಿ ದಡದ ಇಂಗ್ಲಿಷರ ಕೋಟೆಗೆ ಬಂದ್ವು, ತಾಮ್ರದ ಬೆಟ್ಟವೇ ಇದೆ ಅಂತ ಸುದ್ದಿ ಹಬ್ಬಿತು. ಹಡ್ಸನ್ಸ್ ಬೇ ಕಂಪನಿ ಸ್ಯಾಮ್ಯುಯೆಲ್ ಹರ್ನ್ ಅನ್ನೋನನ್ನ ಕಳಿಸ್ತು. 1769ರಲ್ಲಿ ಹೊರಟ, ಆಗಲಿಲ್ಲ, 1770ರಲ್ಲಿ ಹೊರಟ, ಅದೂ ಆಗಲಿಲ್ಲ. ಮೂರನೇ ಸಲ 1770ರ ಡಿಸೆಂಬರ್‌ನಲ್ಲಿ ಮಟೊನಾಬಿ ಅನ್ನೋ ಡೆನೆ ನಾಯಕನ ಹಿಂದೆ ನಡೆದ, ಜಿಂಕೆ ಹಿಂಡು ಹೋದ ಕಡೆ ಹೋಗಿ, ಸಿಕ್ಕಾಗ ತಿಂದು ಇಲ್ಲದಾಗ ಉಪವಾಸ ಇದ್ದು, 1771ರ ಜುಲೈನಲ್ಲಿ ನದಿ ಮುಟ್ಟಿದ. ಅಲ್ಲಿ ಜಲಪಾತದ ಹತ್ರ ಮಲಗಿದ್ದ ಇನ್ಯುಯಿಟ್ ಜನರನ್ನ ಅವನ ಜೊತೆಗಾರರು ಕೊಂದು ಹಾಕಿದ್ರು, ತಡೆಯೋಕೆ ಅವನ ಕೈಲಾಗಲಿಲ್ಲ, ಆ ಜಾಗಕ್ಕೆ ಇವತ್ತಿಗೂ ರಕ್ತದ ಜಲಪಾತ ಅಂತಲೇ ಹೆಸರು. ಆಮೇಲೆ ತಾಮ್ರದ ಬೆಟ್ಟಕ್ಕೆ ಹೋದ್ರು. ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಸೇರಿ ನಾಲ್ಕು ಗಂಟೆ ಹುಡುಕಿದ್ರು. ಸಿಕ್ಕಿದ್ದು ಹೇಳಿಕೊಳ್ಳೋ ಗಾತ್ರದ ಒಂದೇ ಒಂದು ಗಟ್ಟಿ, ನಾಲ್ಕು ಪೌಂಡ್ ಮೇಲೆ, ಅಂದ್ರೆ ಎರಡು ಕೆಜಿಗೂ ಸ್ವಲ್ಪ ಕಡಿಮೆ. ಅದನ್ನ ಹೊತ್ಕೊಂಡು 1772ರ ಜೂನ್‌ನಲ್ಲಿ ಕೋಟೆಗೆ ವಾಪಸ್ ಬಂದ.

ಅದಾಗಿ ಸುಮಾರು ಇನ್ನೂರು ವರ್ಷಕ್ಕೆ, 1960ರ ದಶಕದ ಕೊನೆಯಲ್ಲಿ, ವಿಮಾನ ಹೆಲಿಕಾಪ್ಟರ್‌ನಲ್ಲಿ ಬಂದು ಈ ಜಾಗದ ಖನಿಜದ ಹಕ್ಕು ನಮ್ಮದು ಅಂತ ಸಾವಿರಾರು ಕ್ಲೇಮ್ ಗೂಟ ನೆಟ್ಟರು, ಡ್ರಿಲ್ ಹಾಕಿದ್ರು. ಒಂದು ಬಿರುಕಿನ ವಲಯದಲ್ಲಿ ಕೆಲವು ದಶಲಕ್ಷ ಟನ್ ಅದಿರು, ಗ್ರೇಡ್ (ಅದಿರಲ್ಲಿ ತಾಮ್ರದ ಪಾಲು) ಶೇಕಡಾ 3ರ ಹತ್ರ. ಕಾಗದದ ಮೇಲೆ ಒಳ್ಳೇ ಗ್ರೇಡ್ ರೀ ಅದು! ಆದ್ರೆ ರಸ್ತೆ ಇಲ್ಲ, ರೈಲಿಲ್ಲ, ಸಮುದ್ರ ವರ್ಷದಲ್ಲಿ ಬಹುಪಾಲು ಹೆಪ್ಪುಗಟ್ಟಿರುತ್ತೆ, ಅಷ್ಟು ಟನ್ನಿಗೆ ಅಷ್ಟು ದೂರದಲ್ಲಿ ಗಣಿ ಕಟ್ಟಿದ್ರೆ ಅಸಲು ಹುಟ್ಟಲ್ಲ. ಈಗ ತಾಮ್ರದ ರೇಟ್ ಏರಿದ್ಮೇಲೆ ಮತ್ತೆ ಡ್ರಿಲ್ ಹಾಕ್ತಾ ಇದ್ದಾರೆ. ಹರ್ನ್ ಹೋಗಿ 250 ವರ್ಷ ದಾಟಿತು, ಅದಿನ್ನೂ ಪ್ರಾಸ್ಪೆಕ್ಟೇ, ಗಣಿ ಆಗಿಲ್ಲ. ಕಾಕಾ ಅವರಿಗೆ ಇದನ್ನ ನಿಧಾನವಾಗಿ ಓದಿ ಹೇಳಿ. ಅಲ್ಲಿ ತಾಮ್ರ ನಿಜವಾಗಿ ಇದೆ, ಬೆಳ್ಳಿನೂ ನಿಜವಾಗಿ ಇದೆ.

ಇನ್ನೊಂದು. ನಿಮಗೆ ಜಮೀನು ತೋರಿಸಿದವನು ಕಲ್ಲು ಆರಿಸಿ ಕೊಟ್ಟ ಅಲ್ವಾ? ಅದಕ್ಕೆ ನಮ್ಮ ಕೆಲಸದಲ್ಲಿ ಗ್ರ್ಯಾಬ್ ಸ್ಯಾಂಪಲ್ ಅಂತಾರೆ. ಯಾರೇ ಆದ್ರೂ ಗುಡ್ಡೆಯಲ್ಲಿ ಅತೀ ಹಸಿರಾಗಿರೋದನ್ನೇ ಎತ್ಕೋತಾರೆ, ನಾನೂ ಹೊಸದರಲ್ಲಿ ಹಾಗೇ ಮಾಡಿ ಹಿರಿಯರ ಹತ್ರ ಬೈಸಿಕೊಂಡಿದ್ದೀನಿ. ನಿಜ ಗೊತ್ತಾಗಬೇಕಾದ್ರೆ ಅಡ್ಡಲಾಗಿ ಟ್ರೆಂಚ್ ತೋಡಿ, ಹಸಿರಿರಲಿ ಇಲ್ಲದಿರಲಿ ಒಂದೊಂದು ಮೀಟರ್‌ಗೆ ಕೆತ್ತಿ ಚೀಲ ತುಂಬಬೇಕು. ಅಲ್ಲಿ ಚೆನ್ನಾಗಿ ಬಂದ್ರೆ ಡ್ರಿಲ್, ಕೋರ್ (ಡ್ರಿಲ್ಲಿನ ಒಳಗಿಂದ ಬರೋ ಕೋಲಿನಂಥ ಕಲ್ಲು) ತೆಗೆದು ಉದ್ದಕ್ಕೆ ಸೀಳಿ ಅರ್ಧ ಲ್ಯಾಬಿಗೆ ಕಳಿಸಿ ಅರ್ಧ ಪೆಟ್ಟಿಗೆಯಲ್ಲಿ ಇಡೋದು, ನಾಳೆ ಯಾರಾದ್ರೂ ಅನುಮಾನ ಪಟ್ರೆ ತೆಗೆದು ತೋರಿಸೋಕೆ. ಒಂದು ಕಲ್ಲಿನ ಮೇಲೆ 6 ಲಕ್ಷ ಯಾರೂ ಕೊಡಲ್ಲ.

ದುರ್ಗದ_ಮಗಳು

ಸರ್, ನಾನು ನಿನ್ನೆ ಬರೆದಿದ್ದನ್ನ ತಿದ್ಕೋತೀನಿ, ಬಸಾಲ್ಟ್ ಅಂದ ಮಾತ್ರಕ್ಕೆ ಒಂದೇ ಅಲ್ಲ ಅಂತ ಈಗ ಅರ್ಥ ಆಯ್ತು. ಚಿಕ್ಕಂದಿನಲ್ಲಿ ಆ ದಿಂಬಿನ ಕಲ್ಲುಗಳ ಮೇಲೆ ಕೂತು ಬುತ್ತಿ ತಿಂದಿದ್ದೀವಿ, ಅದು ಸಮುದ್ರದ ತಳ ಅಂತ ಆಗ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ.

ವಿಜಾಪುರದ_ಹುಡುಗ (ಶನಿವಾರ ಮಧ್ಯಾಹ್ನ)

ಎಲ್ಲಾರಿಗೂ ಹೇಳ್ತೀನ್ರಿ ಏನಾತು. ರಾತ್ರಿ ಎರಡೂ ಲೋಟ ಕಾಕಾನ ಹಚ್ಚಿದ್ರು, ಚೊಂಬಿನ ಕಿಲುಬು ಕೆರೆಯೂದಕ್ಕ ಕಾಕು ಮೊದಲ ಒಪ್ಪಲಿಲ್ಲ, ದೇವ್ರ ಚೊಂಬು ಅಂತ, ಆಮ್ಯಾಲ ಹಳೇ ಬಚ್ಚಲಮನಿ ಹಂಡೆದ್ದು ಕೆರಕೊಂಡ್ವಿ. ಬೆಳಿಗ್ಗೆ ಹಂಡೆ ಲೋಟದ ನೀರು ತಿಳಿ ನೀಲಿ ಹಸಿರು ಆಗಿತ್ತು, ಕಲ್ಲಿನ ಲೋಟ ಬರೇ ರಾಡಿ. ಮೊಳೆ ಬಿಟ್ವಿ. ಹಂಡೆ ಲೋಟದ ಮೊಳೆ ಅರ್ಧ ತಾಸಿನ್ಯಾಗ ಕೆಂಪಗ ತಾಮ್ರ ಬಡದಂಗಾತು, ಕಾಕಾ ಅದನ್ನ ಎತ್ತಿ ಕಿಡಕಿ ಬೆಳಕಿಗೆ ಹಿಡದು ಭಾಳ ಹೊತ್ತು ನೋಡಿದ್ರು. ಕಲ್ಲಿನ ಲೋಟದ್ದು ಮಧ್ಯಾಹ್ನ ಆದ್ರೂ ಬರೇ ಕರ್ರಗ ಆಗೈತಿ, ಉಜ್ಜಿದ್ರ ಹೋತು. ಕಾಕಾ ಏನೂ ಮಾತಾಡ್ಲಿಲ್ಲ, ಊಟ ಮಾಡಿ ಎದ್ದ ಮ್ಯಾಲ ಅಂವಗ ಫೋನ್ ಹಚ್ಚಿ "ಸೋಮವಾರ ಬರಾಂಗಿಲ್ಲ, ಜಮೀನು ಬ್ಯಾಡ" ಅಂದ್ರು. ಅಷ್ಟ.

ಆಮ್ಯಾಲ ಸಿಟ್ಟಿಗೆ ಒಂದು ಕಲ್ಲು ಅಂಗಳದಾಗ ಒಗದ್ರು ನೋಡ್ರಿ, ಅದು ಒಡದು ಒಳಗ ಒಂದು ದೊಡ್ಡ ಪೊಟರಿ, ಅದ್ರಾಗ ತಿಳಿ ಗುಲಾಬಿ ಬಣ್ಣದ ಹರಳು, ಕಟ್ಟಿದ ಹುಲ್ಲಿನ ಸಿವುಡು ಇರ್ತೈತಲ್ಲ ನಡು ಬಿಗದು ಎರಡೂ ತುದಿ ಅರಳಿದ್ದು, ಹಂಗ. ಇದೇನ್ರಿ ಸರ್?

ಹಳೇ_ಸುತ್ತಿಗೆ

ಸ್ಟಿಲ್ಬೈಟ್! ನಡು ಬಿಗಿದ ಸಿವುಡು ಅಂತ ನೀವು ಹೇಳಿದ್ದು ಎಷ್ಟು ಚೆನ್ನಾಗಿದೆ, ಅದನ್ನ ಗುರುತಿಸೋದೇ ಆ ಆಕಾರದಿಂದ. ತೊಳೆಯೋದಕ್ಕೆ ವಿನೆಗರ್ ಗಿನೆಗರ್ ಹಾಕಬೇಡಿ, ಬರೀ ತಣ್ಣೀರು, ಮೆತ್ತನೆ ಬ್ರಷ್. ಬಿಸಿಲಲ್ಲಿ ಇಡಬೇಡಿ. ಉಳಿದ ಕಲ್ಲುಗಳನ್ನ ಕಾಕಾ ಒಗೆಯೋ ಮುಂಚೆ ನನಗೆ ತೋರಿಸಿ.

ನಾಳೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕಾಕಾ ಅವರನ್ನ ಕರ್ಕೊಂಡು ಮನೆಗೆ ಬನ್ನಿ. ಆ ಕೀವೀನಾ ತುಂಡು, ಒಂದು ಕಡೆ ತಾಮ್ರ ಒಂದು ಕಡೆ ಬೆಳ್ಳಿ, ಅವರ ಕೈಗೇ ಕೊಡ್ತೀನಿ. ಅಷ್ಟು ದಿನ ಓದಿದ್ದಾರೆ, ಒಂದ್ಸಲ ಮುಟ್ಟಿ ನೋಡಲಿ.

ಕಲಬುರ್ಗಿ_ಟು_ಪಿಂಪ್ರಿ

ನಾನೂ ಬರ್ತೀನ್ರಿ ಸರ್. ಅಡ್ರೆಸ್ ಪರ್ಸನಲ್ ಕಳಸ್ರಿ.